‘ಎಲ್ಲವೂ ಒಂದರಲ್ಲೇ’ ಟ್ಯಾಬ್ಲೆಟ್ ಇದ್ದರೂ ಡಿಶ್‌ವಾಷರ್‌ಗೆ ಉಪ್ಪು ಬೇಕೇ?

ನಿಮ್ಮ ಪ್ರಶ್ನೆಯ ಸಾರಾಂಶ ಇಷ್ಟು: ಮನೆಗೆ ಹೊಸ ಡಿಶ್‌ವಾಷರ್ ಬಂದಿದೆ. ಉಪ್ಪು, ರಿನ್ಸ್ ಏಡ್ (ಕೊನೆಯ ಜಾಲಾಟಕ್ಕೆ ಹಾಕುವ ಸಹಾಯಕ) ಎರಡೂ ಒಳಗೇ ಸೇರಿವೆ ಎಂದು ಡಬ್ಬಿಯ ಮೇಲೆ ಬರೆದಿರುವ ಟ್ಯಾಬ್ಲೆಟ್‌ಗಳನ್ನು ಬಳಸುತ್ತಿದ್ದೀರಿ. ಆದರೂ ಉಪ್ಪು ಇಲ್ಲವೆಂದು ತೋರಿಸುವ ದೀಪ ಆರುತ್ತಿಲ್ಲ, ಎರಡೇ ತಿಂಗಳಲ್ಲಿ ಗಾಜಿನ ಲೋಟಗಳು ಮಂಜು ಕವಿದಂತಾಗಿವೆ. ಬೇರೆ ಉಪ್ಪು ತರಬೇಕೇ, ಅಡುಗೆ ಉಪ್ಪು ಸಾಲದೇ, ಯಾವ ಡಿಟರ್ಜೆಂಟ್ ಒಳ್ಳೆಯದು ಎಂದು ಕೇಳಿದ್ದೀರಿ.

ಡಿಟರ್ಜೆಂಟ್ ವಿಷಯವನ್ನು ಸ್ವಲ್ಪ ಹಿಂದಕ್ಕೆ ತಳ್ಳುತ್ತೇನೆ, ಏಕೆಂದರೆ ಅದನ್ನೇ ಮೊದಲು ಹಿಡಿದುಕೊಂಡು ನಾನು ಕೆಟ್ಟೆ. ಲೋಟಗಳು ಬೆಳ್ಳಗಾದಾಗ ಡಬ್ಬಿ ಬದಲಾಯಿಸಿದೆ. ಮತ್ತೆ ಬೆಳ್ಳಗಾದವು, ಇನ್ನೂ ದುಬಾರಿಯದನ್ನು ತಂದೆ. ಮೂರನೆಯ ಡಬ್ಬಿ ಅರ್ಧ ಮುಗಿಯುವ ಹೊತ್ತಿಗೆ ಏನೋ ಹುಡುಕಲು ಡ್ರಾಯರ್ ತೆಗೆದರೆ, ಕೈಪಿಡಿಯ ಜೊತೆ ಬಂದಿದ್ದ ನೀರು ಪರೀಕ್ಷೆಯ ಕಾಗದದ ಪಟ್ಟಿ ಪೊಟ್ಟಣ ಕೂಡ ಒಡೆಯದೆ ಅಲ್ಲೇ ಬಿದ್ದಿತ್ತು. ನಲ್ಲಿ ನೀರಿನಲ್ಲಿ ಒಂದು ಕ್ಷಣ ಅದ್ದಿ ತೆಗೆದೆ. ನಾಲ್ಕು ಚೌಕಗಳೂ ಬಣ್ಣ ತಿರುಗಿದವು. ಅಂದರೆ ನಮ್ಮ ನೀರಿನ ಗಡಸುತನ, ಅಂದರೆ ಅದರಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಪ್ರಮಾಣ, 21 ಜರ್ಮನ್ ಡಿಗ್ರಿಗೂ (ಗಡಸುತನ ಅಳೆಯುವ ಒಂದು ಮಾನ) ಮೇಲೆ. ಯಂತ್ರವೋ ಕಾರ್ಖಾನೆಯಿಂದ ಬಂದಾಗಿನ ನಡುವಿನ ಗಡಸುತನದ ಅಂಕಿಯಲ್ಲೇ ಕುಳಿತಿತ್ತು, ಉಪ್ಪಿನ ತೊಟ್ಟಿಯಲ್ಲಿ ಒಂದು ಹರಳೂ ಇರಲಿಲ್ಲ. ಮೂರು ಡಬ್ಬಿಗಳ ಮೇಲೂ ನಾನು ಹೊರಿಸಿದ್ದ ಅಪವಾದ ಅವುಗಳದ್ದಾಗಿರಲಿಲ್ಲ.

ಆದ್ದರಿಂದ ಮೊದಲು ನೀರನ್ನು ಅಳೆಯಿರಿ. ಪಟ್ಟಿ ಇಲ್ಲದಿದ್ದರೆ ನೀರು ಪೂರೈಸುವವರ ವರದಿಯಲ್ಲಿ ಒಟ್ಟು ಗಡಸುತನ ಎಂಬ ಅಂಕಿ ಇರುತ್ತದೆ. ಅದು ಸಾಮಾನ್ಯವಾಗಿ ಲೀಟರಿಗೆ ಇಷ್ಟು ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬ ಲೆಕ್ಕದಲ್ಲಿರುತ್ತದೆ. ಯಂತ್ರದ ಕೈಪಿಡಿ ಜರ್ಮನ್ ಡಿಗ್ರಿಯಲ್ಲಿ ಮಾತನಾಡುತ್ತಿದ್ದರೆ ಆ ಅಂಕಿಯನ್ನು 17.8ರಿಂದ ಭಾಗಿಸಿ, ಫ್ರೆಂಚ್ ಡಿಗ್ರಿಯಾದರೆ 10ರಿಂದ. 60 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಮೆದು ನೀರು, 180 ದಾಟಿದರೆ ಬಹಳ ಗಡಸು. ಬಂದ ಅಂಕಿಯನ್ನು ಕೈಪಿಡಿಯ ಕೋಷ್ಟಕದಲ್ಲಿ ಹುಡುಕಿ ಯಂತ್ರದಲ್ಲಿ ಹೊಂದಿಸಬೇಕು. ಹೆಚ್ಚಿನ ಯಂತ್ರಗಳಲ್ಲಿ ಇದು ಎರಡು ಗುಂಡಿಗಳನ್ನು ಒತ್ತಿ ಹಿಡಿಯುವ ಕೆಲಸ, ಐದು ನಿಮಿಷ ಹಿಡಿಯುವುದಿಲ್ಲ.

ಇನ್ನು ಉಪ್ಪು. ಹೆಸರು ಕೇಳಿದರೆ ಅದು ಪಾತ್ರೆ ತಿಕ್ಕುವ ವಸ್ತು ಎನಿಸುತ್ತದೆ. ಆದರೆ ಅದು ಪಾತ್ರೆಯನ್ನು ಮುಟ್ಟುವುದೇ ಇಲ್ಲ. ಯಂತ್ರದ ತಳದಲ್ಲಿ ಸಾಸಿವೆಗಿಂತ ಸಣ್ಣ ರೆಸಿನ್ ಮಣಿಗಳು ತುಂಬಿದ ಒಂದು ಕೋಣೆ ಇದೆ. ಒಳಗೆ ಬರುವ ನೀರು ಆ ಮಣಿಗಳ ನಡುವೆ ಹಾದುಹೋಗುವಾಗ ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಮಣಿಗಳಿಗೆ ಅಂಟಿಕೊಳ್ಳುತ್ತವೆ, ಬದಲಿಗೆ ಸೋಡಿಯಂ ನೀರಿಗೆ ಸೇರುತ್ತದೆ. ಕೆಲವು ತೊಳೆತಗಳಲ್ಲಿ ಮಣಿಗಳು ತುಂಬಿಹೋಗುತ್ತವೆ. ಆಗ ಯಂತ್ರ ತೊಟ್ಟಿಯಿಂದ ಒಂದಿಷ್ಟು ಉಪ್ಪುನೀರನ್ನು ಅವುಗಳ ಮೇಲೆ ಹರಿಸುತ್ತದೆ. ಕ್ಯಾಲ್ಸಿಯಂ ಕಳಚಿಕೊಂಡು ಉಪ್ಪುನೀರಿನ ಜೊತೆ ಚರಂಡಿಗೆ ಹೋಗುತ್ತದೆ, ಮಣಿಗಳು ಮತ್ತೆ ಕೆಲಸಕ್ಕೆ ಸಿದ್ಧ. ಉಪ್ಪು ಇಲ್ಲದಿದ್ದರೆ ಮಣಿಗಳು ತುಂಬಿದಂತೆಯೇ ಉಳಿಯುತ್ತವೆ, ಗಡಸು ನೀರು ಹಾಗೆಯೇ ಲೋಟದವರೆಗೆ ಬರುತ್ತದೆ.

ಈಗ ನಿಮ್ಮ ಟ್ಯಾಬ್ಲೆಟ್‌ನ ಒಳಗಿರುವ ‘ಉಪ್ಪಿ’ನ ಕಥೆ. ಅದು ಈ ಕೋಣೆಗೆ ಹೋಗಲು ದಾರಿಯೇ ಇಲ್ಲ, ಟ್ಯಾಬ್ಲೆಟ್ ಕರಗುವುದು ತೊಳೆಯುವ ನೀರಿನಲ್ಲಿ. ಅದರಲ್ಲಿರುವುದು ಗಡಸು ನೀರು ಬಿಡುವ ಸುಣ್ಣ ಪಾತ್ರೆಗೆ ಅಂಟದಂತೆ ನೀರಿನಲ್ಲೇ ಹಿಡಿದಿಡುವ ಬೇರೆ ರಾಸಾಯನಿಕಗಳು. ಮಧ್ಯಮ ಗಡಸು ನೀರಿನಲ್ಲಿ ಅವು ಸಮರ್ಥವಾಗಿ ಕೆಲಸ ಮಾಡುತ್ತವೆ, ಇದರಲ್ಲಿ ಮೋಸವೇನಿಲ್ಲ. ಆದರೆ ಎಷ್ಟು ಗಡಸುತನದವರೆಗೆ ಎಂಬುದನ್ನು ಡಬ್ಬಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಮುದ್ರಿಸಿರುತ್ತಾರೆ. 21 ಜರ್ಮನ್ ಡಿಗ್ರಿ, ಅಂದರೆ ಲೀಟರಿಗೆ ಸುಮಾರು 375 ಮಿಲಿಗ್ರಾಂ, ಅಲ್ಲಿ ಸಾಮಾನ್ಯವಾಗಿ ಕಾಣುವ ಮಿತಿ. ಕೊನೆಯ ಜಾಲಾಟದ ನೀರಿನಲ್ಲಿ ಟ್ಯಾಬ್ಲೆಟ್‌ನ ಅಂಶ ಬಹುಪಾಲು ತೊಳೆದುಹೋಗಿರುತ್ತದೆ ಎಂಬುದೂ ನೆನಪಿರಲಿ. ಲೋಟದ ಮೇಲೆ ಒಣಗುವುದು ಆ ನೀರೇ.

ಅಡುಗೆ ಉಪ್ಪು ಬೇಡ. ಎರಡೂ ಸೋಡಿಯಂ ಕ್ಲೋರೈಡ್ ಎಂಬುದು ನಿಜ. ಆದರೆ ಅಡುಗೆ ಉಪ್ಪು ಗಂಟು ಕಟ್ಟದಂತೆ ಬೆರೆಸುವ ಪದಾರ್ಥಗಳಲ್ಲಿ ಕೆಲವು ನೀರಿನಲ್ಲಿ ಕರಗುವುದಿಲ್ಲ, ಪುಡಿಯೂ ನುಣುಪಾಗಿರುವುದರಿಂದ ತೊಟ್ಟಿಯಲ್ಲಿ ಮುದ್ದೆಯಾಗಿ ದಾರಿ ಕಟ್ಟುತ್ತದೆ. ಶುದ್ಧೀಕರಿಸದ ಕಲ್ಲುಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ತಾವೇ ಇರುತ್ತವೆ. ಕಳ್ಳನ ಕೈಗೆ ಕೀಲಿ ಕೊಟ್ಟಂತೆ. ಡಿಶ್‌ವಾಷರ್ ಉಪ್ಪು ಎಂದು ಮಾರುವುದು ದಪ್ಪ ಹರಳಿನ ಶುದ್ಧ ಉಪ್ಪು, ಅಷ್ಟೇ. ಅದರಲ್ಲಿ ಕಂಪನಿಯಿಂದ ಕಂಪನಿಗೆ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಸಿಗುವ ಅಗ್ಗದ್ದನ್ನೇ ಕೊಳ್ಳಿ.

ಮೊದಲ ಬಾರಿ ತುಂಬುವಾಗ ತೊಟ್ಟಿಗೆ ಮೊದಲು ನೀರು ಹೊಯ್ಯಬೇಕು, ಆಮೇಲೆ ಆಲಿಕೆ ಇಟ್ಟು ಉಪ್ಪು ಸುರಿಯಬೇಕು. ಸುಮಾರು ಒಂದು ಕಿಲೋ ಹಿಡಿಯುತ್ತದೆ. ನೀರು ಉಕ್ಕಿ ಹೊರಬರುತ್ತದೆ, ಗಾಬರಿ ಬೇಡ. ಮುಂದೆ ತುಂಬುವಾಗ ನೀರು ಬೇಕಿಲ್ಲ, ಒಳಗೆ ಇದ್ದೇ ಇರುತ್ತದೆ. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಚೆಲ್ಲಿದ ಹರಳನ್ನು ಒರೆಸಿ, ತಡಮಾಡದೆ ಒಮ್ಮೆ ಯಂತ್ರವನ್ನು ಓಡಿಸಿ. ಉಪ್ಪುನೀರು ಸ್ಟೀಲಿನ ಮೇಲೆ ಹಾಗೇ ನಿಂತರೆ ತುಕ್ಕಿನ ಚುಕ್ಕೆ ಏಳುತ್ತದೆ. ತುಂಬಿದ ಕೂಡಲೇ ದೀಪ ಆರದಿದ್ದರೂ ಯೋಚಿಸಬೇಡಿ, ಉಪ್ಪು ಕರಗುವ ತನಕ ಅದು ಉರಿಯಬಹುದು. ಇನ್ನೊಂದು ಮಾತು: ನನ್ನ ತಮ್ಮ ಅವಸರದಲ್ಲಿ ಆ ತೊಟ್ಟಿಗೆ ಡಿಟರ್ಜೆಂಟ್ ಪುಡಿ ಸುರಿದ. ನೀರನ್ನು ಮೆದುಗೊಳಿಸುವ ಇಡೀ ಭಾಗವನ್ನೇ ಬದಲಿಸಬೇಕಾಯಿತು. ಉಪ್ಪಿನ ಚೀಲವನ್ನೂ ಪುಡಿಯ ಡಬ್ಬಿಯನ್ನೂ ಅಕ್ಕಪಕ್ಕ ಇಡಬೇಡಿ.

ಕೆಲವು ಯಂತ್ರಗಳಲ್ಲಿ ಉಪ್ಪಿನ ತೊಟ್ಟಿಯೇ ಇರುವುದಿಲ್ಲ, ಮನೆಗೆಲ್ಲ ಒಂದೇ ಮೆದುಗೊಳಿಸುವ ಸಾಧನ ಇರುವವರೂ ಇದ್ದಾರೆ. ಅವರಿಗೆ ಈ ತಲೆನೋವಿಲ್ಲ.

ಡಿಟರ್ಜೆಂಟ್‌ಗೆ ಬರೋಣ. ಪುಡಿ, ಟ್ಯಾಬ್ಲೆಟ್, ಜೆಲ್ ಮೂರರಲ್ಲಿ ನಾನು ಪುಡಿಯ ಪಕ್ಷ, ಕೊಳೆ ನೋಡಿ ಅಳತೆ ಹಾಕಬಹುದು ಎಂಬ ಒಂದೇ ಕಾರಣಕ್ಕೆ. ಉಪ್ಪು ಮತ್ತು ರಿನ್ಸ್ ಏಡ್ ಬೇರೆಯಾಗಿ ತುಂಬಿದ ಮೇಲೆ ಸಾದಾ ಪುಡಿ ಸಾಕು. ಡಬ್ಬಿಯ ಮುಂಭಾಗದ ಹೊಳಪನ್ನು ಬಿಟ್ಟು ಹಿಂಭಾಗದ ಪದಾರ್ಥಗಳ ಪಟ್ಟಿ ಓದಿ. ಅಮೈಲೇಸ್ ಮತ್ತು ಪ್ರೋಟಿಯೇಸ್ ಎಂಬ ಎರಡು ಕಿಣ್ವಗಳು ಇರಬೇಕು: ಮೊದಲನೆಯದು ಒಣಗಿ ಹಿಡಿದ ಪಿಷ್ಟವನ್ನು ಕತ್ತರಿಸುತ್ತದೆ, ಎರಡನೆಯದು ಪ್ರೋಟೀನನ್ನು. ಕಪ್ಪಿನ ತಳದ ಕಂದು ಕಲೆ ಹೋಗಬೇಕಾದರೆ ಸೋಡಿಯಂ ಪರ್ಕಾರ್ಬೊನೇಟ್‌ನಂಥ ಬಿಳುಪುಕಾರಕ ಬೇಕು. ಜೆಲ್‌ನ ತೊಂದರೆ ಇಲ್ಲೇ ಇರುವುದು. ದ್ರವದಲ್ಲಿ ಬಿಳುಪುಕಾರಕವೂ ಕಿಣ್ವವೂ ಒಟ್ಟಿಗೆ ಬಾಳುವುದಿಲ್ಲ, ಹೀಗಾಗಿ ಸಾಮಾನ್ಯವಾಗಿ ಒಂದನ್ನು ಬಿಟ್ಟಿರುತ್ತಾರೆ. ಟ್ಯಾಬ್ಲೆಟ್ ಬಳಸುವವರು ಒದ್ದೆ ಕೈಯಿಂದ ಮುಟ್ಟಬೇಡಿ, ಚಮಚದ ಬುಟ್ಟಿಗೆ ಎಸೆಯಬೇಡಿ, ಬಾಗಿಲಿನ ಅರೆಯಲ್ಲೇ ಇಡಿ. ಇಲ್ಲವಾದರೆ ಪೂರ್ವ ತೊಳೆತದಲ್ಲೇ ಕರಗಿ ಚರಂಡಿ ಸೇರುತ್ತದೆ. ಅರ್ಧ ಗಂಟೆಯ ಅವಸರದ ಪ್ರೋಗ್ರಾಮಿನಲ್ಲಿ ಟ್ಯಾಬ್ಲೆಟ್ ಪೂರ್ತಿ ಕರಗದೆ ಉಳಿಯುವುದೂ ಉಂಟು, ಅಲ್ಲಿ ಪುಡಿಯೇ ಲೇಸು. ಕೈಯಲ್ಲಿ ಪಾತ್ರೆ ತೊಳೆಯುವ ಸೋಪು ದ್ರವವನ್ನು ಮಾತ್ರ ಒಂದು ಹನಿಯೂ ಹಾಕಬೇಡಿ. ನೊರೆ ಉಕ್ಕಿ ನೆಲಕ್ಕೆ ಬರುತ್ತದೆ, ಪಂಪು ನೀರನ್ನು ಬಿಟ್ಟು ನೊರೆಯನ್ನು ಎಳೆಯತೊಡಗುತ್ತದೆ.

ಹಳೆಯ ಬಳಕೆದಾರರು ‘ನಮಗೆ ಉಪ್ಪಿಲ್ಲದೆಯೂ ಹೊಳೆಯುತ್ತಿತ್ತು’ ಎಂದರೆ ಅದು ಸುಳ್ಳಲ್ಲ. ಆಗ ಡಿಟರ್ಜೆಂಟ್‌ನಲ್ಲಿ ಫಾಸ್ಫೇಟ್ ಧಾರಾಳವಾಗಿರುತ್ತಿತ್ತು, ಸುಣ್ಣವನ್ನು ಅದು ಬಿಗಿಯಾಗಿ ಹಿಡಿದಿಡುತ್ತಿತ್ತು. ಕೆರೆ ನದಿಗಳಲ್ಲಿ ಪಾಚಿ ಬೆಳೆಸುತ್ತದೆ ಎಂಬ ಕಾರಣಕ್ಕೆ ಯುರೋಪಿನ ಒಕ್ಕೂಟ 2017ರ ಜನವರಿಯಿಂದ ಗೃಹಬಳಕೆಯ ಡಿಶ್‌ವಾಷರ್ ಡಿಟರ್ಜೆಂಟ್‌ಗಳಲ್ಲಿ ಅದನ್ನು ಬಹುತೇಕ ನಿಲ್ಲಿಸಿತು. ಈಗ ಆ ಜಾಗದಲ್ಲಿರುವ ಸಿಟ್ರೇಟ್ ಮುಂತಾದವುಗಳಿಗೆ ಉಪ್ಪಿನ ತೊಟ್ಟಿಯ ಆಸರೆ ಬೇಕು.

ರಿನ್ಸ್ ಏಡ್ ಸರಳ. ಅದು ಸೋಪಲ್ಲ. ಕೊನೆಯ ಬಿಸಿ ಜಾಲಾಟದಲ್ಲಿ ಕೆಲವೇ ಮಿಲಿಲೀಟರ್ ಬಿಡುಗಡೆಯಾಗಿ, ನೀರು ಹನಿಯಾಗಿ ನಿಲ್ಲದೆ ತೆಳ್ಳಗೆ ಹರಡಿ ಜಾರಿಹೋಗುವಂತೆ ಮಾಡುತ್ತದೆ. ಪಾತ್ರೆಯ ಮೇಲೆ ಹನಿಯ ಗುರುತು ಉಳಿಯುತ್ತಿದ್ದರೆ ಪ್ರಮಾಣವನ್ನು ಒಂದು ಅಂಕಿ ಏರಿಸಿ. ನೀಲಿ ಛಾಯೆಯ ಗೆರೆ ಅಥವಾ ಜಿಡ್ಡಿನಂಥ ಪದರ ಕಂಡರೆ ಇಳಿಸಿ. ಅದರ ಬದಲು ವಿನಿಗರ್ ಹಾಕಿ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ, ನಾನು ಒಪ್ಪುವುದಿಲ್ಲ. ಅದು ಆಮ್ಲ ಮಾತ್ರ, ನೀರನ್ನು ಹರಡಿಸುವ ಗುಣ ಅದಕ್ಕಿಲ್ಲ, ರಬ್ಬರ್ ಭಾಗಗಳಿಗೂ ಹಿತವಲ್ಲ. ಪ್ಲಾಸ್ಟಿಕ್ ಡಬ್ಬಿಗಳು ಏನು ಹಾಕಿದರೂ ಒದ್ದೆಯಾಗಿಯೇ ಬರುತ್ತವೆ, ಶಾಖವನ್ನು ಹಿಡಿದಿಡಲು ಅವಕ್ಕೆ ಬರುವುದಿಲ್ಲ. ಬಟ್ಟೆಯಿಂದ ಒರೆಸಿ ಸುಮ್ಮನಾಗಿ.

ನಿಮ್ಮ ಮಂಜು ಕವಿದ ಲೋಟಗಳಿಗೆ ಈ ಪರೀಕ್ಷೆ ಮಾಡಿ. ಮೊದಲು ಒದ್ದೆ ಬೆರಳಿನಿಂದ ಉಜ್ಜಿ. ಬರೀ ನೀರಿಗೇ ಬಿಳುಪು ಹೋದರೆ ಅದು ಉಪ್ಪು, ತೊಟ್ಟಿಯ ಮುಚ್ಚಳ ಸಡಿಲವಾಗಿದೆ. ನೀವು ಇನ್ನೂ ಉಪ್ಪೇ ಹಾಕಿಲ್ಲವಾದ್ದರಿಂದ ಈಗ ಅದಲ್ಲ, ಮುಂದಕ್ಕೆ ಬೇಕಾದೀತು. ಹೋಗದಿದ್ದರೆ ಒಂದು ಲೋಟವನ್ನು ಸಿಟ್ರಿಕ್ ಆಮ್ಲ ಕರಗಿಸಿದ ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ತಿಳಿಯಾದರೆ ಅದು ಸುಣ್ಣ, ಉಳಿದವೂ ಹಾಗೆಯೇ ಸರಿಹೋಗುತ್ತವೆ. ಆಗಲೂ ಮಸುಕು ಉಳಿದರೆ ಗಾಜಿನ ಮೈಯೇ ಸವೆದಿದೆ ಎಂದರ್ಥ, ಅದಕ್ಕೆ ಮದ್ದಿಲ್ಲ. ತೀರಾ ಮೆದು ನೀರು, ಹೆಚ್ಚು ಬಿಸಿ, ಹೆಚ್ಚು ಡಿಟರ್ಜೆಂಟ್ ಸೇರಿದಾಗ ಹಾಗಾಗುತ್ತದೆ. ನನಗೆ ಅದೂ ಆಯಿತು: ನೀರು ಪರೀಕ್ಷೆಯ ಪಟ್ಟಿಯ ಪಾಠ ಕಲಿತ ಉತ್ಸಾಹದಲ್ಲಿ ಗಡಸುತನದ ಅಂಕಿಯನ್ನು ತುದಿಗೆ ಏರಿಸಿ, ಪುಡಿಯನ್ನು ಹಿಂದಿನಷ್ಟೇ ಸುರಿದು, ಪ್ರತಿದಿನ 70 ಡಿಗ್ರಿಯಲ್ಲಿ ತೊಳೆದು ಆರು ತೆಳು ಲೋಟಗಳನ್ನು ಕಳೆದುಕೊಂಡೆ. ಗಾಜಿಗೆ 50 ಡಿಗ್ರಿಯ ಆಸುಪಾಸು ಸಾಕು.

ಕೈಯಲ್ಲಿರುವ ಟ್ಯಾಬ್ಲೆಟ್ ಡಬ್ಬಿಯನ್ನು ಎಸೆಯಬೇಡಿ. ಅಂಕಿ ಹೊಂದಿಸಿ ಉಪ್ಪು ತುಂಬಿಸಿದ ಮೇಲೂ ಅದನ್ನು ಬಳಸಬಹುದು, ಯಂತ್ರಕ್ಕೆ ಹಾನಿಯಿಲ್ಲ. ಕೆಲವು ಯಂತ್ರಗಳಲ್ಲಿ ಟ್ಯಾಬ್ಲೆಟ್‌ಗೆಂದೇ ಒಂದು ಗುಂಡಿ ಇದೆ, ಅದನ್ನು ಒತ್ತಿದರೆ ಉಪ್ಪಿನ ದೀಪ ಉರಿಯುವುದೇ ಇಲ್ಲ. ನಿಮ್ಮದರಲ್ಲಿ ಆ ಗುಂಡಿ ಇದ್ದರೆ ಅದನ್ನು ಆಫ್ ಮಾಡಿಡಿ.