ಪ್ರತಿಕ್ರಿಯೆ: ಬಿಲ್ ಮರ್ರೆ ಪ್ರಶ್ನೆಗೆ ಅಂಕ ಯಾರಿಗೆ?

ಒಂದೇ ಹೆಸರಿನ ಎರಡು ಅಮೆರಿಕನ್ ಟಿವಿ ಶೋ ಬೆರೆತುಹೋಗಿವೆ, ತಕರಾರಿಗೆ ಮೂಲ ಅದೇ ಇರಬೇಕು. ಹಾಸನದ ನಿಮ್ಮ ಕಾಲೇಜು ಕ್ವಿಜ್‌ನಲ್ಲಿ ಅಮೆರಿಕದ ಹಾಸ್ಯನಟ ಮರ್ರೆ ಬಗ್ಗೆ ‘ಸ್ಯಾಟರ್ಡೇ ನೈಟ್ ಲೈವ್‌ಗೆ ಬಿಲ್ ಮರ್ರೆ ಬಂದದ್ದು ಯಾವ ವರ್ಷ?’ ಅಂತ ಕೇಳಿ 1977 ಅಂದವರಿಗೆ ಅಂಕ ಕೊಟ್ಟಿದ್ದೀರಿ. ಚಿಕ್ಕಮಗಳೂರಿನ ತಂಡ 1975 ಅಂತ ಪಟ್ಟು ಹಿಡಿದಿದೆ. ಅವರು ಮೊಬೈಲಿನಲ್ಲಿ ಏನು ತೋರಿಸಿದರು ಅಂತ ನೀವು ಬರೆದಿಲ್ಲ, ಹಾಗಾಗಿ ಇದು ಊಹೆ. ಆದರೆ ಇದೇ ಪ್ರಶ್ನೆ ನಾನು ನಡೆಸಿದ ಕ್ವಿಜ್‌ನಲ್ಲೂ ಜಗಳ ಹಚ್ಚಿತ್ತು.

ಮೊದಲು ಚಾನೆಲ್ ಯಾವುದು ನೋಡಿ. 1975ರ ಸೆಪ್ಟೆಂಬರಿನಲ್ಲಿ ಎಬಿಸಿ ಚಾನೆಲ್‌ನವರು ಕ್ರೀಡಾ ವೀಕ್ಷಕ ವಿವರಣೆಗಾರ ಹೋವರ್ಡ್ ಕೊಸೆಲ್ ಅವರನ್ನಿಟ್ಟುಕೊಂಡು ಇದೇ ಹೆಸರಲ್ಲಿ ಶೋ ಶುರುಮಾಡಿದ್ದರು. ಮರ್ರೆ ಇದ್ದದ್ದು ಅದರಲ್ಲಿ. ಅಕ್ಟೋಬರ್ 11ಕ್ಕೆ ಇನ್ನೊಂದು ಚಾನೆಲ್ ಎನ್‌ಬಿಸಿಯಲ್ಲಿ ಆರಂಭವಾಗಿ ಇವತ್ತಿಗೂ ಓಡುತ್ತಿರುವ ಶೋಗೆ ಆಗ ಆ ಹೆಸರು ದಕ್ಕಲಿಲ್ಲ. ‘ಎನ್‌ಬಿಸೀಸ್ ಸ್ಯಾಟರ್ಡೇ ನೈಟ್’ ಅಂತಲೇ ನಡೆಯಿತು. ತಮಾಷೆ ಏನೆಂದರೆ, ಕೊಸೆಲ್ ಕಡೆಯ ಹಾಸ್ಯ ತಂಡದ ಹೆಸರು ‘ಪ್ರೈಮ್ ಟೈಮ್ ಪ್ಲೇಯರ್ಸ್’. ಎನ್‌ಬಿಸಿ ತಂಡದವರು ಬೇಕಂತಲೇ ‘ನಾಟ್ ರೆಡಿ ಫಾರ್ ಪ್ರೈಮ್ ಟೈಮ್ ಪ್ಲೇಯರ್ಸ್’ (ಪ್ರೈಮ್ ಟೈಮ್‌ಗೆ ಇನ್ನೂ ಸಜ್ಜಾಗದವರು) ಅಂತ ಇಟ್ಟುಕೊಂಡರು. ಕೊಸೆಲ್ ಶೋ 1976ರ ಜನವರಿಗೇ ಮುಚ್ಚಿತು. ಎನ್‌ಬಿಸಿ ತಂಡದ ಹಾಸ್ಯನಟ ಚೆವಿ ಚೇಸ್ ಬಿಟ್ಟುಹೋದ ಮೇಲೆ, 1977ರ ಜನವರಿಯಲ್ಲಿ ಮರ್ರೆ ಆ ತಂಡ ಸೇರಿದರು. ಎನ್‌ಬಿಸಿ ಶೋ ಹೆಸರು ‘ಸ್ಯಾಟರ್ಡೇ ನೈಟ್ ಲೈವ್’ ಅಂತ ಬದಲಾದದ್ದೂ ಅದೇ ವರ್ಷ.

ಆಮೇಲೆ ನಿಮ್ಮ ಪ್ರಶ್ನೆಯಲ್ಲಿ ಎನ್‌ಬಿಸಿ ಅಂತ ಇತ್ತಾ ನೋಡಿ. ಇದ್ದರೆ 1977 ಖಾಯಂ. ಇಲ್ಲದಿದ್ದರೆ ಇಬ್ಬರಿಗೂ ಅಂಕ ಕೊಡಿ. ಅದರಿಂದ ಸಮ ಆದರೆ ಟೈಬ್ರೇಕರ್ ಇಡಿ. ಅದಕ್ಕೆ ಹಾಸ್ಯನಟ ಸ್ಟೀವ್ ಮಾರ್ಟಿನ್ ಬೇಡ: ಎನ್‌ಬಿಸಿ ಶೋಗೆ ಎಷ್ಟೋ ಸಲ ನಿರೂಪಕರಾಗಿ ಬಂದಿದ್ದಾರೆ, ತಂಡದ ಸದಸ್ಯರಾಗಿ ಒಮ್ಮೆಯೂ ಇರಲಿಲ್ಲ, ಮತ್ತೆ ರಗಳೆ. ಎನ್‌ಬಿಸಿ ಶೋನ ಮೊದಲ ಕಂತಿನ ನಿರೂಪಕ ಯಾರು ಅಂತ ಕೇಳಿ. ಜಾರ್ಜ್ ಕಾರ್ಲಿನ್, ಬೇರೆ ಉತ್ತರವೇ ಇಲ್ಲ.