ಸೋತ ರಾತ್ರಿನೇ ಓಪನಿಂಗ್ ಬದಲಾಯಿಸ್ತಿದ್ದ ಹುಡುಗ

ಗುರುತು ಸಿಗೋ ವಿವರ ಎಲ್ಲ ಬದಲಾಯಿಸಿದೀನಿ. ತೀರ್ಥಹಳ್ಳಿ ಕಡೆ ಅಡಿಕೆ ತೋಟದ ಮನೆ ಅಂದ್ಕೊಳ್ಳಿ, ಹುಡುಗ 9ನೇ ಕ್ಲಾಸು, ಚೆಸ್ ಚೆನ್ನಾಗೇ ಆಡ್ತಾನೆ. ನಾನು ಕೌನ್ಸೆಲರ್, ಶಿವಮೊಗ್ಗಕ್ಕೆ ನನ್ನ ಹತ್ರ ಕರ್ಕೊಂಡ್ ಬಂದಿದ್ದು, ಟೂರ್ನಮೆಂಟ್ ಹಿಂದಿನ ರಾತ್ರಿ ನಿದ್ದೆ ಮಾಡಲ್ಲ, ಸೋತು ಬಂದ್ರೆ ಎರಡು ದಿನ ಸರಿಯಾಗಿ ಊಟ ಮಾಡಲ್ಲ ಅಂತ. ಇದೇ ತರದ್ದು ಈ ವರ್ಷ ಇದು ನಾಲ್ಕನೇದು, ಉಳಿದವ್ರಲ್ಲಿ ಒಬ್ಳು ಬ್ಯಾಡ್ಮಿಂಟನ್, ಇಬ್ರು ಪಿಯು ಓದೋರು. ಅದಕ್ಕೇ ಬರೀತಿದೀನಿ.

ಮೊದಲೆರಡು ಸಲ ಬಾಯೇ ಬಿಡ್ಲಿಲ್ಲ. ಮೂರನೇ ಸಲ ಬೋರ್ಡ್ ತಗೊಂಡು ಬಾರೋ ಅಂದೆ. ಹೊರಗೆ ಜೋರು ಮಳೆ, ಕರೆಂಟ್ ಬೇರೆ ಇಲ್ಲ, ಕಿಟಕಿ ಹತ್ರ ಕೂತು ತಾನು ಆಡಿದ್ದ ಓಪನಿಂಗ್, ಅಂದ್ರೆ ಆಟ ಶುರು ಮಾಡೋ ನಡೆಗಳನ್ನ, ಒಂದೊಂದೇ ತೋರಿಸ್ದ. ಮೊದಲು ಇ4, ಅಂದ್ರೆ ರಾಜನ ಮುಂದಿನ ಕಾಲಾಳು ಎರಡು ಮನೆ, ಅದಕ್ಕೆ ಕಪ್ಪು ಕಾಯಿಯವರು ಕೊಡೋ ಸಿಸಿಲಿಯನ್ ಅನ್ನೋ ಉತ್ತರದ ಎದುರು ಒಂದು ಗೇಮ್ ಸೋತ, ಬಿಟ್ಟ. ಆಮೇಲೆ ಲಂಡನ್ ಸಿಸ್ಟಂ, ಡಿ4, ಅಂದ್ರೆ ರಾಣಿ ಮುಂದಿನ ಕಾಲಾಳು ಎರಡು ಮನೆ ಆಡಿ ಒಂಟೆನ ಎಫ್4ಗೆ ತರೋದು, ಅದೂ ಒಂದು ಸೋಲಿಗೆ ಬಿಟ್ಟ. ಆಮೇಲೆ ಇಂಗ್ಲಿಷ್, ಸಿ4, ರಾಣಿ ಕಡೆ ಒಂಟೆ ಮುಂದಿನ ಕಾಲಾಳು ಎರಡು ಮನೆ. ಸೋತ ರಾತ್ರಿನೇ ಯೂಟ್ಯೂಬಲ್ಲಿ ಹೊಸದು ಹುಡುಕೋದು, ಮುಂದಿನ ಟೂರ್ನಮೆಂಟ್ ಹಿಂದಿನ ರಾತ್ರಿ ಕೂತು ಬಾಯಿಪಾಠ ಮಾಡೋದು, ನಿದ್ದೆ ಎಲ್ಲಿಂದ ಬರ್ಬೇಕು. ಒಂದನ್ನೇ ಆಡಿದ್ರೆ ಏನಾಗತ್ತೋ ಅಂದೆ.

ತುಂಬ ಹೊತ್ತು ಕುದುರೆನ ಕೈಯಲ್ಲಿ ತಿರುಗಿಸ್ತಾ ಇದ್ದ. "ಬೇರೆ ಬೇರೆ ಆಡಿದ್ರೆ ಓಪನಿಂಗ್ ಸರಿಯಿರ್ಲಿಲ್ಲ ಅನ್ಬಹುದು ಮೇಡಂ. ಅದನ್ನೇ ಆಡಿ ಆಡಿ ಸೋತ್ರೆ ನಂಗೇ ಆಟ ಬರಲ್ಲ ಅಂತಾಗತ್ತೆ. ಅಪ್ಪಯ್ಯಂಗೂ ಗೊತ್ತಾಗತ್ತೆ."

ಹದಿನಾಲ್ಕು ವರ್ಷದ ಮಗು ಹೇಳಿದ ಈ ಮಾತು ನನ್ನನ್ನ ವಾರಗಟ್ಟಲೆ ಕಾಡಿದೆ.

ನಾನು ಹೇಳಿದ್ದು ಇಷ್ಟು: ಮೂರು ತಿಂಗಳು ಬಿಳಿ ಕಾಯಿ ಬಂದಾಗೆಲ್ಲ ಇ4 ಮಾತ್ರ ಆಡು, ಸೋತ್ರೆ ತಪ್ಪು ತೋರಿಸೋ ಕಂಪ್ಯೂಟರ್ ಇಂಜಿನ್ ಹಾಕೋಕೆ ಮುಂಚೆ ಎಷ್ಟನೇ ನಡೆಯಲ್ಲಿ ಆಟ ಕೆಡ್ತು ಅಂತ ನಿಂಗೆ ಅನ್ಸಿದ್ದನ್ನ ನೋಟ್‌ಬುಕ್ಕಲ್ಲಿ ಬರಿ, ಬದಲಾಯಿಸ್ಲೇಬೇಕು ಅನ್ಸಿದ್ರೆ ಗೆದ್ದ ಮಾರನೇ ದಿನ ಬದಲಾಯಿಸು, ಸೋತ ಮಾರನೇ ದಿನ ಬೇಡ. "ಫಿಶರ್ ಕೂಡ ಬದಲಾಯಿಸಿದ್ರಲ್ಲ ಮೇಡಂ" ಅಂದ. ಮನೆಗೆ ಹೋಗಿ ಓದ್ದೆ. ಅಮೆರಿಕದ ಬಾಬಿ ಫಿಶರ್ ವರ್ಷಗಟ್ಟಲೆ ಹೆಚ್ಚುಕಮ್ಮಿ ಇ4 ಒಂದನ್ನೇ ಆಡ್ಕೊಂಡು ಬಂದೋರು, 1972ರ ವಿಶ್ವ ಚಾಂಪಿಯನ್‌ಶಿಪ್ಪಲ್ಲಿ ಆಗಿನ ಚಾಂಪಿಯನ್ ಸ್ಪಾಸ್ಕಿ ಎದುರು 6ನೇ ಗೇಮಲ್ಲಿ ಸಿ4 ಆಡಿದ್ರು, ನಿಜ. ಆದ್ರೆ 5ನೇ ಗೇಮ್ ಗೆದ್ದು, ಸ್ಕೋರ್ ಸಮ ಮಾಡ್ಕೊಂಡು ಆಡಿದ್ದು ಅದು. 2008ರ ವಿಶ್ವ ಚಾಂಪಿಯನ್‌ಶಿಪ್ಪಲ್ಲಿ ನಮ್ಮ ಆನಂದ್ ರಷ್ಯಾದ ಕ್ರಾಮ್ನಿಕ್ ಎದುರು ಡಿ4ಗೆ ಹೋಗಿದ್ದೂ ಮ್ಯಾಚಿಗೆ ಮುಂಚೆನೇ ತಯಾರಿ ಮಾಡ್ಕೊಂಡು, ಸೋತು ಗಾಬರಿಯಾಗಿ ಅಲ್ಲ. ಮುಂದಿನ ಸಲ ಅವನಿಗೆ ಇದನ್ನೇ ಹೇಳ್ದೆ.

ಚೆಸ್ ಗೊತ್ತಿರೋ ಒಬ್ರು ನನ್ಮೇಲೆ ಬೇಜಾರು ಮಾಡ್ಕೊಂಡ್ರು, ಒಂದೇ ಓಪನಿಂಗ್ ಆಡೋರಿಗೆ ಎದುರಾಳಿ ತಯಾರಾಗಿ ಬರ್ತಾರೆ, 2000ದಲ್ಲಿ ಕ್ರಾಮ್ನಿಕ್ ಇ4ಗೆ ಉತ್ತರವಾಗಿ ಬರ್ಲಿನ್ ಡಿಫೆನ್ಸ್ ಅನ್ನೋದನ್ನ ಹಿಡ್ಕೊಂಡು ಬಂದಾಗ ಆಗಿನ ಚಾಂಪಿಯನ್ ಕಾಸ್ಪರೋವ್ ಅಂಥೋರಿಗೇ ಇಡೀ ಮ್ಯಾಚಲ್ಲಿ ಒಂದು ಗೇಮ್ ಗೆಲ್ಲಕ್ಕಾಗ್ಲಿಲ್ಲ, ಕೌನ್ಸೆಲರ್‌ಗೆ ಯಾಕೆ ಈ ವಿಷಯ ಅಂತ. ಅವರ ಮಾತು ತಪ್ಪಲ್ಲ, ಆ ಮಟ್ಟಕ್ಕೆ ಹೋದ್ಮೇಲೆ ಬೇರೆ ಬೇರೆ ಕಲೀಲೇಬೇಕು. ಆದ್ರೆ ತಾಲ್ಲೂಕು ಟೂರ್ನಮೆಂಟಲ್ಲಿ ಈ ಹುಡುಗನ ಗೇಮ್ ಹುಡುಕಿ ಓದ್ಕೊಂಡು ಬರೋರು ಯಾರಿದಾರೆ? ನಾನು ನೋಡಿದ್ದು ಯಾವ ಕಾಲಾಳು ಮುಂದೆ ಹೋಯ್ತು ಅಂತಲ್ಲ, ಸೋಲಿನಿಂದ ಮಗು ಎಲ್ಲಿಗೆ ಓಡ್ತಿದೆ ಅಂತ, ಅದು ನನ್ನ ಕೆಲಸನೇ.

ಮೂರು ತಿಂಗಳಾದ್ಮೇಲೆ ನೋಟ್‌ಬುಕ್ ತಂದಿದ್ದ. 11 ಸೋಲು. ಓಪನಿಂಗಲ್ಲೇ ಕೆಟ್ಟಿದ್ದು 2, ಉಳಿದಿದ್ದೆಲ್ಲ 25ನೇ ನಡೆ ಆದ್ಮೇಲೆ, ಗಡಿಯಾರ ನೋಡಿ ಗಾಬರಿಯಾಗಿ. ಪಟ್ಟಿ ತೋರಿಸುವಾಗ ಅವನ ಮುಖದಲ್ಲಿ ನಾಚಿಕೆ ಇರ್ಲಿಲ್ಲ. ಈಗ ನಿದ್ದೆ ಬರತ್ತಂತೆ.

ಪಕ್ಕದಲ್ಲಿ ಕೂತಿದ್ದ ಅವನಪ್ಪ ನೋಟ್‌ಬುಕ್ ತಿರುವಿ ಹಾಕಿ, "ಹಂಗಾದ್ರೆ ಕೋಚನ್ನ ಬದಲಾಯಿಸೋಣ್ವಾ ಮೇಡಂ?" ಅಂದ್ರು. ಎರಡು ವರ್ಷದಲ್ಲಿ ಅದಾಗ್ಲೇ ಮೂರು ಕೋಚ್ ಆಗಿದ್ರು. ಹುಡುಗನ್ನ ಹೊರಗೆ ಕೂರಕ್ಕೆ ಹೇಳಿ, ಅವತ್ತು ಉಳಿದ ಹೊತ್ತೆಲ್ಲ ಅವರ ಜೊತೆ ಮಾತಾಡ್ದೆ.