ಮುರಿದ ಮುಖದ ಮೂಳೆಗೆ ಕೃತಕ ಇಂಪ್ಲಾಂಟ್: ದೇಹ ಒಪ್ಪುತ್ತದೆಯೇ?

ಪ್ರಶ್ನೆ: ಅಪಘಾತದಲ್ಲಿ ನನ್ನ ತಮ್ಮನ ಎಡಗಣ್ಣಿನ ಗೂಡಿನ ತಳದ ಮೂಳೆ ಮುರಿದಿದೆ. ಕಣ್ಣು ಒಳಗೆ ಇಳಿದಿದೆ, ಮೇಲಕ್ಕೆ ನೋಡಿದರೆ ಒಂದು ವಸ್ತು ಎರಡಾಗಿ ಕಾಣುತ್ತದೆ. ಶಸ್ತ್ರವೈದ್ಯರು ಟೈಟಾನಿಯಂ ಲೋಹದ ಜಾಲರಿ ಇಡಬೇಕೆನ್ನುತ್ತಾರೆ. ದೇಹ ಅದನ್ನು ಒಪ್ಪದಿದ್ದರೆ? ಅವನದೇ ಮೂಳೆಯನ್ನು ಬಳಸುವುದು ಮೇಲಲ್ಲವೇ? ಮುಂದೆ ಎಂ.ಆರ್.ಐ. ಮಾಡಿಸಬಹುದೇ?

ಉತ್ತರ: ಬೇರೊಬ್ಬರ ಮೂತ್ರಪಿಂಡವನ್ನು ಕಸಿ ಮಾಡಿದಾಗ ದೇಹ ಅದನ್ನು ತಿರಸ್ಕರಿಸುವಂಥ ಅಪಾಯ ಇಲ್ಲಿಲ್ಲ, ಏಕೆಂದರೆ ಟೈಟಾನಿಯಂನಲ್ಲಿ ಪರರ ಜೀವಕೋಶಗಳಿಲ್ಲ, ಅದರ ಮೇಲ್ಮೈಯಲ್ಲಿ ತಾನಾಗಿ ಮೂಡುವ ಆಕ್ಸೈಡ್ ಪದರದಿಂದಾಗಿ ಅದು ಸುಲಭವಾಗಿ ತುಕ್ಕು ಹಿಡಿಯುವುದೂ ಇಲ್ಲ. ನಿಜವಾಗಿ ಅಂಜಬೇಕಾದದ್ದು ಸೋಂಕಿಗೆ. ಬ್ಯಾಕ್ಟೀರಿಯಾಗಳು ಇಂಪ್ಲಾಂಟಿನ ಮೇಲೆ ಪೊರೆಯಂತೆ ಹರಡಿ ಕುಳಿತರೆ ಔಷಧಿ ಅವುಗಳನ್ನು ಪೂರ್ತಿ ತಲುಪದೆ, ಇಂಪ್ಲಾಂಟನ್ನೇ ತೆಗೆಯಬೇಕಾಗಿ ಬರಬಹುದು. ಕಣ್ಣುಗೂಡಿನ ತಳದ ಕೆಳಗೇ ಸೈನಸ್ (ಮೂಗಿಗೆ ತೆರೆದುಕೊಳ್ಳುವ ಗಾಳಿಯ ಪೊಳ್ಳು) ಇರುವುದರಿಂದ, ನಿಮ್ಮ ತಮ್ಮನಿಗೆ ಸೈನಸ್ ತೊಂದರೆಯಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿರಿ. ಧೂಮಪಾನವಿದ್ದರೆ ಅದನ್ನೂ ಮುಚ್ಚಿಡಬಾರದು. ಗಾಯ ಮಾಯುವುದನ್ನು ಅದು ನಿಧಾನಗೊಳಿಸುತ್ತದೆ.

ಸ್ವಂತ ಮೂಳೆಯ ವಿಚಾರಕ್ಕೆ ಬಂದರೆ, ನಿಮ್ಮ ಮಾತಿನಲ್ಲಿ ಹುರುಳಿದೆ. ಅದರಲ್ಲಿ ಸೋಂಕಿನ ಭಯ ಕಡಿಮೆ. ಆದರೆ ಪಕ್ಕೆಲುಬಿನಿಂದಲೋ ಸೊಂಟದಿಂದಲೋ ತಲೆಬುರುಡೆಯಿಂದಲೋ ಮೂಳೆ ತೆಗೆಯಲು ಇನ್ನೊಂದು ಗಾಯ ಮಾಡಬೇಕು, ಮತ್ತು ಹಾಗೆ ಇಟ್ಟ ಮೂಳೆ ಕಾಲಕ್ರಮದಲ್ಲಿ ಎಷ್ಟು ಕರಗುತ್ತದೆಂದು ಮೊದಲೇ ಹೇಳಲಾಗದು. ಕಣ್ಣುಗೂಡಿನ ತಳ ಹಲವೆಡೆ 1 ಮಿ.ಮೀ.ಗಿಂತಲೂ ತೆಳು, ಜೊತೆಗೆ ಬಾಗಿದ ಆಕಾರ. ಕಣ್ಣು 2 ಮಿ.ಮೀ.ಗಿಂತ ಹೆಚ್ಚು ಒಳಸರಿದರೆ ಎದುರಿಗಿದ್ದವರಿಗೆ ಗೊತ್ತಾಗಿಬಿಡುತ್ತದೆ. ಈ ಸೂಕ್ಷ್ಮ ಬಾಗನ್ನು ಗಟ್ಟಿ ಮೂಳೆಯ ತುಂಡಿನಲ್ಲಿ ಮೂಡಿಸುವುದು ಕಷ್ಟ. ಜಾಲರಿಯನ್ನಾದರೆ ಸಿ.ಟಿ. ಸ್ಕ್ಯಾನಿನಲ್ಲಿ ಆರೋಗ್ಯವಾಗಿರುವ ಬಲಗಣ್ಣಿನ ಗೂಡಿನ ಪ್ರತಿಬಿಂಬವನ್ನು ಎಡಕ್ಕೆ ಹೊಂದಿಸಿ, ಆ ಮಾದರಿಯ ಮೇಲೆ ಮೊದಲೇ ಬಗ್ಗಿಸಿಟ್ಟುಕೊಳ್ಳಬಹುದು. ನನ್ನ ಮಟ್ಟಿಗೆ ವೈದ್ಯರ ಸಲಹೆ ಸರಿಯಾಗಿಯೇ ಇದೆ.

ರಂಧ್ರಯುಕ್ತ ಪಾಲಿಎಥಿಲೀನ್ (ಒಂದು ಬಗೆಯ ಪ್ಲಾಸ್ಟಿಕ್) ಹಾಳೆಯನ್ನೂ ಬಳಸುವುದುಂಟು. ಅದರ ರಂಧ್ರಗಳೊಳಕ್ಕೆ ಅಂಗಾಂಶವೂ ರಕ್ತನಾಳಗಳೂ ಬೆಳೆದು ಅದು ಜರುಗದೆ ನಿಲ್ಲುತ್ತದೆ. ಮುಂದೆ ತೆಗೆಯಬೇಕಾಗಿ ಬಂದರೆ ಕಷ್ಟವಾಗುವುದೂ ಇದೇ ಕಾರಣಕ್ಕೆ. ಸಿಲಿಕೋನ್ ತೆಗೆಯಲು ಸುಲಭ, ಆದರೆ ಜರುಗಬಹುದು.

ಜಾಲರಿ ಕಣ್ಣಿಗೆ ಆಸರೆ ಕೊಡುತ್ತದೆಯೇ ಹೊರತು ಪೆಟ್ಟುಬಿದ್ದ ಸ್ನಾಯುವನ್ನಾಗಲಿ ನರವನ್ನಾಗಲಿ ಗುಣಪಡಿಸುವುದಿಲ್ಲ. ಆದ್ದರಿಂದ ಎರಡಾಗಿ ಕಾಣುವುದು, ಕೆನ್ನೆ ಮತ್ತು ಮೇಲ್ದುಟಿಯ ಜೋಮು ಶಸ್ತ್ರಚಿಕಿತ್ಸೆಯ ಬಳಿಕವೂ ಕೆಲವು ತಿಂಗಳು ಉಳಿಯಬಹುದು, ಕೆಲವರಲ್ಲಿ ಪೂರ್ತಿ ಹೋಗದೆಯೂ ಇರಬಹುದು. ಸಾಮಾನ್ಯವಾಗಿ ಪೆಟ್ಟಾದ ಎರಡು ವಾರಗಳೊಳಗೆ ಶಸ್ತ್ರಚಿಕಿತ್ಸೆ ಮಾಡುವುದು ರೂಢಿ. ಮನೆಯಲ್ಲಿ ಚರ್ಚೆ ಬೆಳೆಸಿ ಆ ಅವಧಿಯನ್ನು ಕಳೆಯಬೇಡಿ.

ಟೈಟಾನಿಯಂ ಅಯಸ್ಕಾಂತಕ್ಕೆ ಸೆಳೆಯಲ್ಪಡುವುದಿಲ್ಲವಾದ್ದರಿಂದ ಎಂ.ಆರ್.ಐ.ಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಜಾಲರಿಯ ಸುತ್ತಲಿನ ಚಿತ್ರ ಮಾತ್ರ ಮಸುಕಾಗಬಹುದು. ಇಂಪ್ಲಾಂಟಿನ ವಿವರವಿರುವ ಚೀಟಿಯನ್ನು ಜೋಪಾನವಾಗಿಟ್ಟು ಸ್ಕ್ಯಾನ್ ಮಾಡುವವರಿಗೆ ತೋರಿಸಿರಿ. ಶಸ್ತ್ರಚಿಕಿತ್ಸೆಯ ನಂತರ ವೈದ್ಯರು ಒಪ್ಪುವವರೆಗೆ ಮೂಗಿನಿಂದ ಜೋರಾಗಿ ಊದಿ ಸಿಂಬಳ ತೆಗೆಯಬಾರದು. ಕಣ್ಣಿನಲ್ಲಿ ತೀವ್ರ ನೋವು ಕಾಣಿಸಿಕೊಂಡರೆ ಅಥವಾ ದೃಷ್ಟಿ ಮಂದವಾಗತೊಡಗಿದರೆ, ಅದು ನಡುರಾತ್ರಿಯೇ ಆಗಿದ್ದರೂ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.